ಉಪ್ಪುನೀರಿನ ಐಸ್ ಇಷ್ಟು ಮೆತ್ತಗಿದ್ದರೆ ಟೈಟಾನಿಕ್ ಮುಳುಗಿದ್ದು ಹೇಗೆ?

ಉಡುಪಿ_ಅಮ್ಮ: ಮಗಳು ಮಲ್ಪೆ ಬೀಚಿನಿಂದ ಬಾಟಲಿಯಲ್ಲಿ ಸಮುದ್ರದ ನೀರು ತಂದು, ಲೋಟಕ್ಕೆ ಹಾಕಿ ಫ್ರೀಜರಿನಲ್ಲಿ ಇಟ್ಟಿದ್ದಳು. ಪಕ್ಕದಲ್ಲಿ ಬಾವಿ ನೀರಿನದ್ದೂ ಒಂದು ಲೋಟ. ಬೆಳಿಗ್ಗೆ ಬಾವಿ ನೀರು ಕಲ್ಲಾಗಿತ್ತು. ಸಮುದ್ರದ ನೀರಿಗೆ ಚಮಚ ಸಲೀಸಾಗಿ ಇಳಿಯಿತು. ನಮ್ಮದು ಹಳೇ ಫ್ರಿಜ್, ಅದೂ ಇರಬಹುದು. ಆದರೆ ಅವಳ ಪ್ರಶ್ನೆ: ಹಾಗಾದರೆ ಟೈಟಾನಿಕ್‌ಗೆ ತಾಗಿದ ಐಸ್ ಅಷ್ಟು ಗಟ್ಟಿ ಹೇಗೆ?

ಕುಡ್ಲದವ: ಅದು ಸಮುದ್ರದ ನೀರಿನದ್ದಲ್ಲ ಅಕ್ಕಾ. 1912ರಲ್ಲಿ ತಾಗಿದ್ದು ಹಿಮಗುಡ್ಡ. ಆ ಕಡೆ ತೇಲಿ ಬರುವ ಗುಡ್ಡಗಳು ಹೆಚ್ಚಾಗಿ ಗ್ರೀನ್‌ಲ್ಯಾಂಡಿನ ನೆಲದ ಮೇಲಿನ ಹಿಮನದಿಯಿಂದ ಮುರಿದು ಬಿದ್ದವು. ನೂರಾರು, ಸಾವಿರಾರು ವರ್ಷ ಬಿದ್ದ ಹಿಮ ಒತ್ತಿ ಒತ್ತಿ ಗಟ್ಟಿಯಾದದ್ದು. ಸಿಹಿನೀರು.

ಐಸ್‌ಪ್ಲಾಂಟ್_ಭಟ್ರು: ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಹನ್ನೊಂದು ವರ್ಷ ದುಡಿದವ ನಾನು. ಅಲ್ಲಿ ಸಿಹಿನೀರು ತುಂಬಿದ ಕಬ್ಬಿಣದ ಕ್ಯಾನುಗಳನ್ನು ಸೊನ್ನೆಗಿಂತ ಎಷ್ಟೋ ತಣ್ಣಗಿನ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಸಿಡುತ್ತೇವೆ. ಒಳಗಿನ ನೀರು ಗಡ್ಡೆಯಾಗುತ್ತದೆ, ಹೊರಗಿನದ್ದು ನೀರಾಗಿಯೇ ಇರುತ್ತದೆ. ಉಪ್ಪಿನ ಮಹಿಮೆ! ಕ್ಯಾನ್ ತೂತಾಗಿ ಉಪ್ಪುನೀರು ನುಗ್ಗಿದರೆ ಮುಗಿಯಿತು. ಗಡ್ಡೆ ಸರಿ ಕೂರುವುದಿಲ್ಲ, ಬೋಟಿನವರ ಬೈಗುಳ ನಮಗೆ.

ಸಮುದ್ರದ ನೀರು ಸುಮಾರು -1.8 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ಶುರು. ಮೊದಲು ಸೂಜಿಯಂಥ ಹರಳು, ಆಮೇಲೆ ಎಣ್ಣೆ ಚೆಲ್ಲಿದ ಹಾಗೆ ಮಂದವಾದ ಪದರ. ಅಲೆ ಇದ್ದರೆ ದುಂಡು ದುಂಡು ಬಿಲ್ಲೆಗಳು. ಒಂದಕ್ಕೊಂದು ಡಿಕ್ಕಿ ಹೊಡೆದು ಅಂಚು ಮೇಲೆದ್ದಿರುತ್ತದೆ, ಥೇಟ್ ಕಾವಲಿಯಲ್ಲಿ ಅಂಚು ಎದ್ದ ದೋಸೆ. ಹರಳಿನೊಳಗೆ ಉಪ್ಪಿಗೆ ಜಾಗ ಇಲ್ಲ, ಹೊರಗೆ ದಬ್ಬುತ್ತದೆ. ಸ್ವಲ್ಪ ಉಪ್ಪುನೀರು ಸಣ್ಣ ಸಣ್ಣ ಗೂಡುಗಳಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ ಲೋಟದ್ದು ಮೆತ್ತಗಿದ್ದದ್ದು ಅದಕ್ಕೇ. ಆ ಉಪ್ಪು ಮೆಲ್ಲ ಕೆಳಗೆ ಇಳಿದುಹೋಗುತ್ತದೆ. ಒಂದೆರಡು ಬೇಸಿಗೆ ದಾಟಿದ ಹಳೇ ಐಸನ್ನು ಕರಗಿಸಿ ಕುಡಿಯಲೂಬಹುದು.

ಕುಡ್ಲದವ: ಭಟ್ರೇ, ಈ ಸಮುದ್ರದ ಐಸ್ ಕರಗಿದರೆ ನಮ್ಮ ಪಣಂಬೂರಿಗೆ ನೀರು ಏರುತ್ತದಾ?

ಐಸ್‌ಪ್ಲಾಂಟ್_ಭಟ್ರು: ಅದರಿಂದ ಹೆಚ್ಚೇನಿಲ್ಲ ಮಾರಾಯ್ರೆ. ತೇಲುವಾಗಲೇ ತನ್ನ ತೂಕದಷ್ಟು ನೀರು ಸರಿಸಿರುತ್ತದೆ. ಶರಬತ್ತಿನ ಐಸ್ ಕರಗಿ ಲೋಟ ಉಕ್ಕುತ್ತದಾ? ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದ ನೆಲದ ಮೇಲಿನದ್ದು ಕರಗಿ ಬಂದರೆ ಮಾತ್ರ ಬೇರೆ ಕತೆ.

ಉಡುಪಿ_ಅಮ್ಮ: ಮಗಳು ಈಗ ಅದೇ ಐಸನ್ನು ಚಹಾ ಸೋಸುವ ಜಾಲರಿಗೆ ಹಾಕಿ ಕೂತಿದ್ದಾಳೆ. ಕೆಳಗೆ ತೊಟ್ಟಿಕ್ಕಿದ್ದು ಬಾಯಿಗಿಡಲಾರದಷ್ಟು ಉಪ್ಪಂತೆ. ಮೇಲೆ ಉಳಿದದ್ದು ಜಾಸ್ತಿ ಉಪ್ಪಿಲ್ಲವಂತೆ. ಜಾಲರಿ ತೊಳೆಯುವ ಕೆಲಸ ನನ್ನದು.