ಚಪ್ಪಲಿ ಬಾರು ತಾಗುವ ಕಡೆ ಮಾತ್ರ ಕೆರೆತ, ಇದು ಫಂಗಸ್ಸಾ?

ಬಿಸಿಬೇಳೆ_ಭಾನು:
ಎರಡು ತಿಂಗಳಿಂದ ಎರಡೂ ಪಾದದ ಮೇಲೆ ಕೆರೆತ. ಮೊದಲು ಕೆಂಪಗಾಯಿತು, ಆಮೇಲೆ ಸಣ್ಣ ನೀರುಗುಳ್ಳೆ, ಈಗ ಚರ್ಮ ದಪ್ಪಗಾಗಿ ಕಪ್ಪಾಗಿದೆ. ಮೆಡಿಕಲ್ ಶಾಪಲ್ಲಿ ಕೇಳಿದರೆ "ಫಂಗಸ್ ಮೇಡಂ" ಅಂತ ಒಂದು ಟ್ಯೂಬ್ ಕೊಟ್ಟರು. ಹಚ್ಚಿದರೆ ಇಳಿಯುತ್ತದೆ, ಬಿಟ್ಟ ವಾರಕ್ಕೆ ಮತ್ತೆ ಶುರು. ಮನೆಯಲ್ಲಿ ರಬ್ಬರ್ ಹವಾಯಿ, ಆಫೀಸಿಗೆ ಲೆದರ್ ಶೂ. ನಾಲ್ಕು ವರ್ಷದಿಂದ ಅದೇ ಥರದ್ದು ಹಾಕುತ್ತಿದ್ದೇನೆ, ಏನೂ ಆಗಿರಲಿಲ್ಲ, ಹಾಗಾಗಿ ಚಪ್ಪಲಿ ಮೇಲೆ ಅನುಮಾನವೇ ಬರಲಿಲ್ಲ. ನಿನ್ನೆ ತಂಗಿ ನೋಡಿ "ಅಕ್ಕಾ, ಬಾರಿನ ಅಚ್ಚು ಹೊಡೆದ ಹಾಗಿದೆಯಲ್ಲೇ" ಅಂದಳು. ಹೀಗೂ ಆಗುತ್ತಾ?

ಪಿಜಿ_ಎರಡನೇ_ವರ್ಷ:
ನಿಮ್ಮ ತಂಗಿಯನ್ನು ನಮ್ಮ ಓಪಿಡಿಗೆ ಕಳಿಸಿ 🙂 ಚರ್ಮರೋಗದಲ್ಲೇ ಓದುತ್ತಿದ್ದೇನೆ. ಕಾಲು ನೋಡದೆ ಇಂಥದ್ದೇ ಅನ್ನಲಾರೆ, ಆದರೆ ಬೆರಳ ಸಂದಿ ಒಮ್ಮೆ ನೋಡಿಕೊಳ್ಳಿ. ಫಂಗಸ್ ಆದರೆ ಬಹಳ ಸಲ ಕಿರುಬೆರಳ ಕಡೆಯ ಸಂದಿಯಲ್ಲಿ ಬೆಳ್ಳಗೆ ನೆಂದ ಹಾಗೆ ಶುರುವಾಗುತ್ತದೆ. ಚಪ್ಪಲಿ ಅಲರ್ಜಿ ಸಾಮಾನ್ಯವಾಗಿ ಆ ಸಂದಿಗಳನ್ನು ಬಿಟ್ಟು ಪಾದದ ಮೇಲ್ಭಾಗ ಹಿಡಿಯುತ್ತದೆ, ಅದೂ ಎರಡೂ ಕಾಲಲ್ಲಿ. (ಹೆಬ್ಬೆರಳ ಪಕ್ಕದ ಸಂದಿ ಲೆಕ್ಕಕ್ಕಿಲ್ಲ, ಹವಾಯಿ ಬಾರು ಅಲ್ಲೇ ತೂರುವುದು.)

ನಾಲ್ಕು ವರ್ಷ ಏನೂ ಆಗಲಿಲ್ಲ ಅನ್ನುವುದೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಈ ಅಲರ್ಜಿ ಮೊದಲ ದಿನವೇ ಬರಬೇಕೆಂದಿಲ್ಲ. ವರ್ಷಗಟ್ಟಲೆ ತಾಗಿ ತಾಗಿ ಒಂದು ದಿನ ಮೈ ಅದನ್ನು ವೈರಿ ಅಂದುಕೊಳ್ಳುತ್ತದೆ, ಆಮೇಲೆ ಚೂರು ತಾಗಿದರೂ ಸಾಕು. ತಾಗಿದ ಒಂದೆರಡು ದಿನಕ್ಕೆ ಏಳುವುದರಿಂದ ಯಾವುದರಿಂದ ಬಂತು ಅಂತಲೂ ಗೊತ್ತಾಗುವುದಿಲ್ಲ. ರಬ್ಬರಿನಲ್ಲಿ ಮರ್ಕ್ಯಾಪ್ಟೋಬೆಂಝೋಥಯಝೋಲ್, ಥಯುರಾಮ್ ಇರುತ್ತವೆ, ರಬ್ಬರ್ ಬೇಗ ಗಟ್ಟಿಯಾಗಲು ಹಾಕುವಂಥವು. ಲೆದರ್ ಹದ ಮಾಡಲು ಕ್ರೋಮಿಯಂ. ಬೆವರಿಗೆ ಅದು ಬಿಟ್ಟುಕೊಂಡು ಚರ್ಮಕ್ಕೆ ಇಳಿಯುತ್ತದೆ. ಯುರೋಪಿನಲ್ಲಿ 2015ರಿಂದ ಮೈಗೆ ತಾಗುವ ಚರ್ಮದ ಸಾಮಾನಿನಲ್ಲಿ ಕ್ರೋಮಿಯಂ-6 (ಅದರ ಹೆಚ್ಚು ಅಲರ್ಜಿ ತರುವ ರೂಪ) ಕಿಲೋಗೆ 3 ಮಿಲಿಗ್ರಾಂ ದಾಟುವಂತಿಲ್ಲ. ಶೂ ಅಂಟಿನಲ್ಲಿ ಬೇರೆಯದೇ ರೆಸಿನ್.

ಆ ಟ್ಯೂಬಿನ ಹಿಂದೆ ಕ್ಲೋಬೆಟಸಾಲ್ ಅಂತಿದೆಯಾ ನೋಡಿ. ಇದ್ದರೆ ಅದು ಜೋರು ಸ್ಟೀರಾಯ್ಡ್, ಹಚ್ಚುವಷ್ಟು ದಿನ ಕೆರೆತ ಅಡಗಿಸುತ್ತದೆ ಅಷ್ಟೇ, ಇಳಿದು ಇಳಿದು ಬರುವುದಕ್ಕೆ ಅದೇ ಕಾರಣ ಇರಬಹುದು. ಸುಮ್ನೆ ಹಚ್ಚುತ್ತಾ ಕೂರಬೇಡಿ, ಪ್ಯಾಚ್ ಟೆಸ್ಟ್ ಮಾಡಿಸಿ (ಅನುಮಾನದ ಕೆಮಿಕಲ್‌ಗಳನ್ನು ಚೂರು ಚೂರು ಪಟ್ಟಿಯಲ್ಲಿ ಬೆನ್ನಿಗೆ ಅಂಟಿಸಿ ಯಾವುದು ಆಗುವುದಿಲ್ಲ ಅಂತ ನೋಡುವುದು).

ಮಲೆನಾಡ್_ಮಾಣಿ:
ನನಗೆ ಕೆರೆತ ಜಾಸ್ತಿ ಇರಲಿಲ್ಲ. ಬಾರು ಇದ್ದ ಜಾಗದಲ್ಲಿ ವಿ ಆಕಾರಕ್ಕೆ ಬಣ್ಣವೇ ಹೋಯಿತು. ಅಮ್ಮ ತೊನ್ನು ಅಂತ ಹೆದರಿ ಹರಕೆ ಹೊತ್ತುಕೊಂಡರು, ಅದಿನ್ನೂ ತೀರಿಸಬೇಕು. ಡಾಕ್ಟರು ನೋಡಿದ ತಕ್ಷಣ ಕೇಳಿದ್ದು "ಯಾವ ಚಪ್ಪಲಿ?" ಅಂತ. ರಬ್ಬರಿನ ಕೆಲವು ಕೆಮಿಕಲ್ ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನೇ ಕೊಲ್ಲುತ್ತವಂತೆ. ಚಪ್ಪಲಿ ಬದಲಾಯಿಸಿ ವರ್ಷದ ಮೇಲಾಯಿತು, ಮುಕ್ಕಾಲು ಭಾಗ ಬಣ್ಣ ತಿರುಗಿ ಬಂದಿದೆ. ಹಾಂ, ಹಳೇ ಸಾಕ್ಸ್ ಕೂಡ ಎಸೆಯಿರಿ. ಒಗೆದರೂ ರಬ್ಬರಿನ ಅಂಶ ಅದರಲ್ಲಿ ಉಳಿಯುತ್ತದೆ ಅಂದಿದ್ದರು.

ಅಥಣಿ_ಹುಡುಗ:
ನಮ್ಮ ಕಡೆ ಕೊಲ್ಹಾಪುರಿ ತಗೊಳ್ಳಿ ಅಕ್ಕಾರ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಅದರ ಜಿಐ (ಇಂಥಾ ಊರಿನ ಮಾಲು ಅಂತ ಸರ್ಕಾರ ಕೊಡೋ ಗುರುತು) ಐತಿ, ಬರೀ ಮಹಾರಾಷ್ಟ್ರದ್ದಲ್ಲ. ಜಾಲಿ ತೊಗಟಿ, ಅಳಲೆಕಾಯಿ ಹಾಕಿ ಹದ ಮಾಡೋದು, ಕ್ರೋಮಿಯಂ ಇಲ್ಲ. ಹೊಲಿಗೀನೂ ಚರ್ಮದ ದಾರದ್ದು.

ಪಿಜಿ_ಎರಡನೇ_ವರ್ಷ:
ಕ್ರೋಮಿಯಂ ಅಲರ್ಜಿ ಇದ್ದರೆ ಒಳ್ಳೇ ಸಲಹೆ. ಆದರೆ ಪೇಟೆಯಲ್ಲಿ ಆ ಹೆಸರಲ್ಲಿ ರಬ್ಬರ್ ಸೋಲ್ ಅಂಟಿಸಿದ್ದೂ ಮಾರುತ್ತಾರೆ. ನಿಮಗೆ ಆಗದ್ದು ರಬ್ಬರೋ ಅಂಟೋ ಆದರೆ ದುಡ್ಡು ದಂಡ. ಮೊದಲು ಟೆಸ್ಟ್, ಆಮೇಲೆ ಶಾಪಿಂಗ್.

ಬಿಸಿಬೇಳೆ_ಭಾನು:
ಕಿರುಬೆರಳ ಸಂದಿ ಕ್ಲೀನ್. ಟ್ಯೂಬಿನಲ್ಲಿ ಕ್ಲೋಬೆಟಸಾಲ್ ಇದೆ 😑 ಸೋಮವಾರ ಬೆನ್ನಿಗೆ ಅಂಟಿಸುತ್ತಾರಂತೆ. ಎರಡು ದಿನ ಬಿಟ್ಟು ತೆಗೆದು ನೋಡುವುದು, ಮತ್ತೆ ಒಂದೆರಡು ದಿನಕ್ಕೆ ಇನ್ನೊಮ್ಮೆ. ಅಲ್ಲಿಯವರೆಗೆ ಬೆನ್ನು ನೆನೆಸುವಂತಿಲ್ಲ, ಬೆವರಲೂಬಾರದು. ಈ ಸೆಕೆಯಲ್ಲಿ! ಯಾರಾದರೂ ಮಾಡಿಸಿದ್ದರೆ ಹೇಳಿ, ತಲೆಸ್ನಾನ ಹೇಗೆ ಮಾಡಿದಿರಿ?

ಮಲೆನಾಡ್_ಮಾಣಿ:
ಬಕೆಟ್ ಮುಂದೆ ಬಗ್ಗಿ ಕೂತೆ, ಅಮ್ಮ ತಲೆಗೆ ನೀರು ಹುಯ್ದರು. ತಂಗಿ ಇದ್ದಾಳಲ್ಲ, ಹೇಳಿ.