ಬೇರೆ ಬೇರೆ ಕಂಪನಿಗಳ ಸರ್ವರ್‌ಗಳಿಗೆ ಒಂದೇ ರೆಡ್‌ಫಿಶ್ ಸ್ಕ್ರಿಪ್ಟ್ ನಡೆಯುತ್ತದೆಯೇ?

ಪ್ರಶ್ನೆ: ಮೂರು ಕಂಪನಿಗಳ ಸರ್ವರ್‌ಗಳನ್ನು, ದೂರದಿಂದ ನಿರ್ವಹಿಸುವ ಹಳೆಯ ವಿಧಾನವಾದ ಐಪಿಎಂಐ ಬಿಟ್ಟು, ಅದೇ ಕೆಲಸದ ಹೊಸ ಸ್ಟ್ಯಾಂಡರ್ಡ್ ಆದ ರೆಡ್‌ಫಿಶ್‌ಗೆ ತರಬೇಕಿದೆ. ಒಂದರಲ್ಲಿ ಓಡುವ ರೀಸೆಟ್ ಸ್ಕ್ರಿಪ್ಟ್ ಇನ್ನೊಂದರಲ್ಲಿ 404 (ವಿಳಾಸ ಸಿಗಲಿಲ್ಲ) ಎಂಬ ದೋಷ ಕೊಡುತ್ತಿದೆ. ಸ್ಟ್ಯಾಂಡರ್ಡ್ ಒಂದೇ ಆದರೂ ಹೀಗೇಕೆ?

ಉತ್ತರ 1: ಸಿಸ್ಟಮ್‌ನ ಯುಆರ್‌ಎಲ್ ಅನ್ನು ಸ್ಕ್ರಿಪ್ಟ್‌ನಲ್ಲೇ ಬರೆದಿಟ್ಟಿರಬೇಕು. ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಉದ್ಯಮ ಸಂಸ್ಥೆ ಡಿಎಂಟಿಎಫ್ 2015ರಲ್ಲಿ ಹೊರತಂದ ಈ ಸ್ಟ್ಯಾಂಡರ್ಡ್‌ನಲ್ಲಿ ನೀವು ನೆಚ್ಚಿಕೊಳ್ಳಬೇಕಾದದ್ದು /ರೆಡ್‌ಫಿಶ್/ವಿ1/ ಎಂಬ ರೂಟ್ ಅನ್ನು. ಅಲ್ಲಿಂದ ಸಿಸ್ಟಮ್ಸ್, ಅದರ ಮೆಂಬರ್ಸ್, ಪ್ರತಿ ಮೆಂಬರ್‌ನ ಲಿಂಕ್ ಹೀಗೆ ಹಿಡಿದು ಇಳಿಯಿರಿ. ಸಿಸ್ಟಮ್‌ಗೆ ಒಬ್ಬರು '1' ಎಂದು ಐಡಿ ಕೊಡುತ್ತಾರೆ, ಇನ್ನೊಬ್ಬರು ಉದ್ದ ಹೆಸರಿಡುತ್ತಾರೆ, ಎರಡೂ ನಿಯಮಬದ್ಧವೇ. ರೀಸೆಟ್‌ನ ಟಾರ್ಗೆಟ್ ಅನ್ನೂ ಆಕ್ಷನ್ಸ್ ಒಳಗಿಂದ ಓದಿ. ಗ್ರೇಸ್‌ಫುಲ್ ರೀಸ್ಟಾರ್ಟ್ (ಓಎಸ್ ಅನ್ನು ಕ್ರಮವಾಗಿ ಮುಚ್ಚಿ ಮತ್ತೆ ಶುರುಮಾಡುವುದು) ಎಲ್ಲ ಯಂತ್ರದಲ್ಲೂ ಇರುವುದಿಲ್ಲ, ಒಪ್ಪುವ ಮೌಲ್ಯಗಳ ಪಟ್ಟಿ ಅಲ್ಲೇ ಇರುತ್ತದೆ.

ಉತ್ತರ 2: ಲಾಗಿನ್ ಆದ ಪ್ರತಿ ಸೆಷನ್ ಅನ್ನು ಕೊನೆಯಲ್ಲಿ ಡಿಲೀಟ್ ಮಾಡಿ. ಬಿಎಂಸಿಯಲ್ಲಿ (ಸರ್ವರ್‌ನೊಳಗಿನ ನಿರ್ವಹಣಾ ಚಿಪ್) ಸೆಷನ್‌ಗಳಿಗೆ ಮಿತಿಯಿದೆ. ತುಂಬಿದರೆ ಟೈಮ್‌ಔಟ್ ಆಗುವವರೆಗೆ ಹೊಸ ಲಾಗಿನ್ ಸಿಗದು. ಸೆಟ್ಟಿಂಗ್ ಬದಲಿಸುವ ಪ್ಯಾಚ್ ವಿನಂತಿ ಕಳಿಸಿದಾಗ 412 ಅಥವಾ 428 ದೋಷ ಬಂದರೆ ಅದು ಈಟ್ಯಾಗ್ (ಮಾಹಿತಿಯ ಆವೃತ್ತಿಯ ಗುರುತು) ಸಮಸ್ಯೆ: ಮೊದಲು ಗೆಟ್ ಮಾಡಿ, ಸಿಕ್ಕ ಈಟ್ಯಾಗ್ ಅನ್ನು ಇಫ್-ಮ್ಯಾಚ್ ಹೆಡರ್‌ನಲ್ಲಿ ಹಾಕಿ. ಬಯೋಸ್ ಬದಲಾವಣೆ ಸಾಮಾನ್ಯವಾಗಿ ರೀಬೂಟ್ ಆದಮೇಲಷ್ಟೇ ಜಾರಿಗೆ ಬರುತ್ತದೆ.

ಉತ್ತರ 3: ನಿಜವಾದ ಒಡಕು ಓಇಎಂ ಭಾಗದಲ್ಲಿದೆ, ಅಂದರೆ ಪ್ರತಿ ಕಂಪನಿ ತಾನೇ ಸೇರಿಸಿದ ಭಾಗದಲ್ಲಿ. ಅದನ್ನು ಬೇರೆ ಮಾಡ್ಯೂಲ್‌ನಲ್ಲಿಡಿ. ಮುಂದಿನ ಖರೀದಿಗೆ ಮುನ್ನ ಬೇಕಾದ ಗುಣಗಳ ಇಂಟರ್‌ಆಪ್ ಪ್ರೊಫೈಲ್ ಬರೆದು, ಡಿಎಂಟಿಎಫ್‌ನ ಉಚಿತ ವ್ಯಾಲಿಡೇಟರ್‌ನಿಂದ ಮಾದರಿ ಯಂತ್ರವನ್ನು ಪರೀಕ್ಷಿಸಿ. 'ರೆಡ್‌ಫಿಶ್ ಬೆಂಬಲವಿದೆ' ಎಂಬ ಒಂದು ಸಾಲನ್ನು ದಯವಿಟ್ಟು ನಂಬಬೇಡಿ. ವಲಸೆ ಮುಗಿದೊಡನೆ ಐಪಿಎಂಐನ ಯುಡಿಪಿ 623 ಪೋರ್ಟ್ ಮುಚ್ಚಿ, ಐಪಿಎಂಐ 2.0 ಲಾಗಿನ್ ಪೂರ್ತಿಯಾಗುವ ಮೊದಲೇ ಪಾಸ್‌ವರ್ಡ್‌ನ ಹ್ಯಾಶ್ (ಅದರಿಂದ ಲೆಕ್ಕಹಾಕಿದ ಗೂಢರೂಪ) ಬಿಟ್ಟುಕೊಡುತ್ತದೆ.