ಇಡ್ಲಿ ಜೊತೆ ಏನು ತಿಂದರೆ ಶುಗರ್ ಏರುವುದಿಲ್ಲ?

ಅಮ್ಮನಿಗೆ ಶುಗರ್. ಇಡ್ಲಿ, ಚಟ್ನಿ ತಿಂದು ಎರಡು ಗಂಟೆ ಬಿಟ್ಟು ನೋಡಿದರೆ 210 ದಾಟುತ್ತದೆ. ಬಿಡಿ ಅಂದರೆ ಮುನಿಸು. ಬಸವನಗುಡಿಯವರಿಗೆ ಇಡ್ಲಿ ಬಿಡಿಸೋದು ಸುಲಭವೇ? ಜೊತೆಗೆ ಏನು ಕೊಡಲಿ?

ಉತ್ತರ 1: ಬಿಡಿಸಬೇಡಿ, ನಾಲ್ಕರ ಬದಲು ಎರಡು ಕೊಡಿ. ಮೊದಲು ಹೆಸರುಬೇಳೆ ಕೋಸಂಬರಿ ತಿನ್ನಲಿ, ಆಮೇಲೆ ಇಡ್ಲಿ. ನಾರು, ಪ್ರೋಟೀನ್ ಮೊದಲು ಒಳಗೆ ಹೋದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಅಕ್ಕಿಯ ಪಿಷ್ಟ ಒಮ್ಮೆಲೇ ಸಕ್ಕರೆಯಾಗಿ ರಕ್ತಕ್ಕೆ ನುಗ್ಗುವುದಿಲ್ಲ. ಸಾಂಬಾರಿನಲ್ಲಿ ಬೇಳೆ, ತರಕಾರಿ ಜಾಸ್ತಿ ಇರಲಿ, ಬೆಲ್ಲ ಬೇಡ.

ಉತ್ತರ 2: ರಾಗಿ ಒಳ್ಳೆಯದು ಅಂತ ಸುಮ್ನೆ ಎರಡು ಮುದ್ದೆ ನುಂಗಿಸಬೇಡಿ. ಅದೂ ಪಿಷ್ಟವೇ ಅಲ್ವಾ? ಒಂದು ಚಿಕ್ಕ ಮುದ್ದೆ, ಬಟ್ಟಲು ತುಂಬಾ ಬಸ್ಸಾರಿನ ಸೊಪ್ಪು ಕಾಳು ಸಾಕು.

ಉತ್ತರ 3: ಇನ್ಸುಲಿನ್ ತಗೊಳ್ಳುತ್ತಿದ್ದರೆ ಇಡ್ಲಿ ಕಡಿಮೆ ಮಾಡುವ ಮುಂಚೆ ಡಾಕ್ಟರಿಗೆ ಹೇಳಿ. ಶುಗರ್ ತೀರಾ ಇಳಿಯಬಹುದು.